ಪಂಕ್ತಿ ಒಂದು, ನೇಮ ಹಲವು

ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವವರು ತಮ್ಮ ತಮ್ಮ ನೇಮಗಳನ್ನು ಬಿಟ್ಟೇ ಕೂಡಬೇಕೆ? ಆಚಾರನಿಷ್ಠ ಯೆಹೂದಿಯು ಹಂದಿಮಾಂಸವನ್ನು ಮುಟ್ಟನು. ಮಾಂಸವನ್ನೂ ಹಾಲನ್ನೂ ಒಟ್ಟಿಗೆ ಸೇವಿಸನು. ಮುಸಲ್ಮಾನನಿಗೆ ಹಂದಿಮಾಂಸದೊಡನೆ ಮದ್ಯವೂ ನಿಷಿದ್ಧ. ಕ್ರೈಸ್ತರಲ್ಲಿ ಹೆಚ್ಚಿನವರಿಗೆ ಇಂಥ ಕಟ್ಟುಗಳಿಲ್ಲ. ಇಂಥವರು ಕೂಡಿ ಉಣ್ಣುವುದೆಂತು?

2014ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸರು ರಬ್ಬಿ ಅಬ್ರಹಾಂ ಸ್ಕೋರ್ಕಾ ಮೊದಲಾದ ಅರ್ಜೆಂಟೀನಾದ ಯೆಹೂದಿ ಮುಖಂಡರನ್ನು ವ್ಯಾಟಿಕನ್ನಿನ ತಮ್ಮ ನಿವಾಸಕ್ಕೆ ಊಟಕ್ಕೆ ಕರೆದರು. ಬಡಿಸಿದುದು ಅತಿಥಿಗಳ ವಿಧಿಗನುಸಾರವಾದ ಕೋಷರ್ ಅಡುಗೆ. ಅತಿಥಿಗಳು ನೇಮವನ್ನು ಸಡಿಲಿಸಬೇಕಾಗಲಿಲ್ಲ. ಆ ಹೊಣೆಯನ್ನು ಆತಿಥೇಯರೇ ಹೊತ್ತರು. ಅದೇ ಮೇ ತಿಂಗಳಲ್ಲಿ ಅವರು ಸ್ಕೋರ್ಕಾ ಅವರನ್ನೂ ಮುಸ್ಲಿಂ ಮುಖಂಡ ಒಮರ್ ಅಬ್ಬೂದ್ ಅವರನ್ನೂ ಜೊತೆಗೊಂಡು ಜೆರುಸಲೇಮಿಗೆ ಹೋದರು. ಪಶ್ಚಿಮ ಗೋಡೆಯ ಬಳಿ ಮೂವರೂ ಅಪ್ಪಿಕೊಂಡರು. ಬ್ಯೂನಸ್ ಐರಿಸ್ ನಗರದಲ್ಲಿ ಬಹುಕಾಲದಿಂದ ಬೆಳೆದ ಸ್ನೇಹವದು.

ಆದರೆ ಜುಲೈಯಲ್ಲಿ ಗಾಜಾದಲ್ಲಿ ಯುದ್ಧವೇ ಆರಂಭವಾಯಿತು. ಹಾಗಾದರೆ ಆ ಊಟ, ಆ ಅಪ್ಪುಗೆ ವ್ಯರ್ಥವೆ? ಸಹಭೋಜನದಿಂದ ಯುದ್ಧ ನಿಲ್ಲುವುದೆಂದು ಬಲ್ಲವರಾರೂ ಹೇಳರು. ಎದುರಿನವನಿಗೂ ಹಸಿವುಂಟು, ಅವನಿಗೂ ಒಂದು ನೇಮವುಂಟು ಎಂಬ ಅರಿವನ್ನಷ್ಟೇ ಅದು ಕೊಡಬಲ್ಲುದು. ನೆರೆಯವನ ನೇಮಕ್ಕೆ ತನ್ನ ಅಡುಗೆಮನೆಯಲ್ಲಿ ಎಡೆಗೊಡುವವನು ಅವನ ನಂಬಿಕೆಯನ್ನು ಒಪ್ಪಬೇಕಾಗಿಲ್ಲ. ಅವನನ್ನು ಒಪ್ಪಿದರೆ ಸಾಕು.