ಎದೆಗೂ ಉಸಿರಿಗೂ ಗಂಟು ಹಾಕಿದವರು

ಬ್ಯಾಡಗಿ ಸೀಮೆಯಲ್ಲಿ ಮಾಘದ ಬಿಸಿಲು ಏರುವ ಹೊತ್ತಿಗೆ ನೆಲದ ಬಣ್ಣವೇ ಬೇರೆಯಾಗುತ್ತದೆ. ಕಣದ ತುಂಬ, ಮಾಳಿಗೆಯ ಮೇಲೆ, ಹಾದಿಯ ಬದಿಯಲ್ಲಿ ಹರವಿದ ಮೆಣಸಿನಕಾಯಿ ಮೊದಲು ಹಸಿಗೆಂಪಾಗಿ ಮಿನುಗಿ, ಆಮೇಲೆ ದಿನದಿನಕ್ಕೆ ಸುಕ್ಕುಗಟ್ಟುತ್ತ, ಒಳಗಿನ ನೀರನ್ನೆಲ್ಲ ಗಾಳಿಗೆ ಒಪ್ಪಿಸಿ, ಕೊನೆಗೆ ನೋಡಿದಷ್ಟೂ ಆಳವಾಗುವ ಒಂದು ಕಡುಗೆಂಪಿಗೆ ಬಂದು ತಂಗುತ್ತದೆ. ಖಾರ ಕಡಿಮೆ, ಬಣ್ಣ ಹೆಚ್ಚು. ಈ ಕೆಂಪಿಗಾಗಿಯೇ ದೂರದೂರದ ವ್ಯಾಪಾರಿಗಳು ಬ್ಯಾಡಗಿ ಪೇಟೆಗೆ ಬರುತ್ತಾರೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿತು. ಆದರೆ ಕಾಯಿ ಹರವಿದ ಮನೆಯ ಜನ ಆ ದಿನಗಳಲ್ಲಿ ನೆಲಕ್ಕಿಂತ ಮುಗಿಲನ್ನೇ ಹೆಚ್ಚು ನೋಡುತ್ತಾರೆ. ಅಕಾಲದ ಒಂದು ಮಳೆ ಸಾಕು, ಕಾಯಿ ಬಿಳಿಚಿ, ಬೂಷ್ಟು ಹಿಡಿದು, ವರ್ಷದ ದುಡಿಮೆ ಕೈಯಿಂದ ಜಾರಿಹೋಗಲು.

ದಿನನಿತ್ಯದ ಆತಂಕ ದೊಡ್ಡ ಸಂಕಟದ ವೇಷ ತೊಟ್ಟು ಬರುವುದು ಅಪರೂಪ. ನಡುರಾತ್ರಿ ತಾಡಪತ್ರಿಯ ಅಂಚು ಪಟಪಟ ಬಡಿದ ಸದ್ದಿಗೆ ಎಚ್ಚರವಾಗುತ್ತದೆ. ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಳ್ಳುತ್ತಿದ್ದಂತೆ ಮನಸ್ಸು ಗಾಳಿಯಿಂದ ಮಳೆಗೆ, ಮಳೆಯಿಂದ ಸೊಸೈಟಿಯ ಸಾಲಕ್ಕೆ, ಸಾಲದಿಂದ ಹುಬ್ಬಳ್ಳಿಯಲ್ಲಿ ಓದುವ ತಂಗಿಯ ಫೀಸಿಗೆ, ಅಲ್ಲಿಂದ ಅಪ್ಪನ ಮೊಣಕಾಲ ನೋವಿಗೆ ಜಾರುತ್ತ ಜಾರುತ್ತ ಹೋಗುತ್ತದೆ. ಮೈ ಹಾಸಿಗೆಯ ಮೇಲಿದ್ದರೂ ಎದೆ ಓಡಿಬಂದವರ ಎದೆಯ ಹಾಗೆ ಬಡಿದುಕೊಳ್ಳುತ್ತದೆ. ಆಗ ಗಮನಿಸಬೇಕು, ಉಸಿರು ಒಳಗೆ ಬಂದದ್ದು ಅಲ್ಲೇ ನಿಂತುಬಿಟ್ಟಿರುತ್ತದೆ.

ಅಂಥದೊಂದು ರಾತ್ರಿ, ಪಡಸಾಲೆಯ ಗೋಡೆಯ ಕಡೆ ಮಲಗಿದ್ದ ಅಜ್ಜಿ ಮಗ್ಗುಲು ಬದಲಿಸದೆಯೇ ಅಂದಳು: “ತಮ್ಮಾ, ರಾತ್ರೆಲ್ಲಾ ಮುಗಲಾ ಕಾಯಾಕ ಕುಂತ್ರ ಅದೇನ್ ನಿನಗ ಪಗಾರ ಕೊಡತೈತೇನು? ಮಕ್ಕೋ ಸುಮ್ಮನ.” ಕತ್ತಲಲ್ಲಿ ಮೊದಲು ಅವ್ವ ನಕ್ಕಳು, ಆಮೇಲೆ ಅಪ್ಪ, ಗಾಢ ನಿದ್ದೆಯಲ್ಲಿದ್ದಾನೆ ಅಂದುಕೊಂಡಿದ್ದ ತಮ್ಮನೂ. ಅಂದರೆ ಯಾರೂ ನಿದ್ದೆ ಮಾಡಿರಲಿಲ್ಲ. ಒಂದೇ ಸೂರಿನ ಕೆಳಗೆ, ಒಬ್ಬರಿಗೊಬ್ಬರು ಗೊತ್ತಾಗದಂತೆ, ಅದೇ ಮುಗಿಲನ್ನು ಎಲ್ಲರೂ ಎದೆಯ ಮೇಲೆ ಹೊತ್ತು ಮಲಗಿದ್ದೆವು. ಆ ನಗುವಿನ ಅಲೆ ಗೋಡೆಯಿಂದ ಗೋಡೆಗೆ ಹೋಗಿ ಬಂದು, ಮತ್ತೊಮ್ಮೆ ಎದ್ದು, ತಣ್ಣಗಾಗುವಷ್ಟರಲ್ಲಿ ಕಟ್ಟಿಕೊಂಡಿದ್ದ ಉಸಿರು ತಾನಾಗಿ ಹೊರಗೆ ಹೋಗಿತ್ತು.

ನಗುವೆಂದರೆ ಮೈಯ ಮಟ್ಟಿಗೆ ಅದೇ ತಾನೇ, ಉಸಿರು ಬಿಟ್ಟುಬಿಟ್ಟು ಹೊರಚಿಮ್ಮುವುದು. ಹಾಡೂ ಹಾಗೆಯೇ, ಒಂದು ಸಾಲು ಮುಗಿಯುವವರೆಗೆ ಉಸಿರನ್ನು ನಿಧಾನವಾಗಿ ಹೊರಬಿಡುತ್ತಲೇ ಇರುವುದು. ಉಸಿರು ಒಳಗೆಳೆದಾಗ ಎದೆಬಡಿತ ತುಸು ಬಿರುಸಾಗುತ್ತದೆ, ಹೊರಬಿಟ್ಟಾಗ ತುಸು ನಿಧಾನವಾಗುತ್ತದೆ. ಮಿದುಳಿನ ಬುಡದಲ್ಲಿ ಹೊರಟು, ಕೊರಳಿನ ಎರಡೂ ಬದಿಯಲ್ಲಿ ಇಳಿದು, ಎದೆಯನ್ನು ಸವರಿ ಹೊಟ್ಟೆಯವರೆಗೆ ಅಲೆಯುವ ವೇಗಸ್ ಎಂಬ ನರ ಈ ಹತೋಟಿಯನ್ನು ಹಿಡಿದಿದೆ. ಇಷ್ಟು ತಿಳಿದ ಮೇಲೂ ನನ್ನ ಬೆರಗು ಕಡಿಮೆಯಾಗಿಲ್ಲ, ಹೆಚ್ಚೇ ಆಗಿದೆ. ಹೆದರುವ ಎದೆಯನ್ನು ಕೊಟ್ಟವರು ಅದನ್ನು ಉಸಿರಿಗೆ ಗಂಟು ಹಾಕಿ, ಆ ಉಸಿರನ್ನು ಒಬ್ಬ ಮುದುಕಿಯ ಮಾತಿಗೂ ಶನಿವಾರದ ಭಜನೆಗೂ ಸಿಗುವಂತೆ ಇಟ್ಟರಲ್ಲ, ಅವರು ಯಾರು?

ಈ ಬಗೆಯ ಪ್ರಶ್ನೆ ನಮ್ಮ ಸೀಮೆಗೆ ಹೊಸದಲ್ಲ. ಕನಕದಾಸರ ಕಾಗಿನೆಲೆ ಇದೇ ತಾಲ್ಲೂಕಿನ ಊರು. ಕಾಳಗದಲ್ಲಿ ಗಾಯಗೊಂಡು ಹರಿಭಕ್ತಿಯ ಕಡೆ ತಿರುಗಿದರೆಂದು ಜನ ಹೇಳುವ ಕನಕದಾಸರು, ತಲ್ಲಣಿಸುವ ಮನಸ್ಸನ್ನೇ ಎದುರಿಗೆ ಕೂರಿಸಿಕೊಂಡು ಹಾಡಿದ ಕೀರ್ತನೆಯೊಂದಿದೆ. ಸಲಹುವವನಿದ್ದಾನೆ ಅನ್ನುತ್ತಾರೆ, ಆದರೆ ಅದಕ್ಕಾಗಿ ವಾದ ಹೂಡುವುದಿಲ್ಲ. ಬೆಟ್ಟದ ನೆತ್ತಿಯ ಮರವನ್ನು, ನವಿಲಿನ ಮೈಬಣ್ಣವನ್ನು, ಗಿಣಿಯ ಹಸಿರನ್ನು, ಕಲ್ಲಿನಲ್ಲಿ ಹುಟ್ಟಿದ ಕಪ್ಪೆಯನ್ನು ಒಂದೊಂದಾಗಿ ತೋರಿಸಿ, ಇದೆಲ್ಲ ಯಾರ ಕೆಲಸ ಎಂದು ಕೇಳುತ್ತಾರೆ. ನಾಳೆ ಏನಾಗುತ್ತದೋ ಎಂದು ತಿರುಗುತ್ತಿದ್ದ ಮನಸ್ಸು ಆ ಹಸಿರಿನ ಮುಂದೆ, ಆ ಕಪ್ಪೆಯ ಮುಂದೆ ಅರೆಗಳಿಗೆ ನಿಲ್ಲುತ್ತದೆ. ಆತಂಕವೂ ಬೆರಗೂ ಪ್ರಶ್ನೆಯಾಗಿಯೇ ಹುಟ್ಟುತ್ತವೆ ಎಂಬುದನ್ನು ಅವರಷ್ಟು ಮೆಲ್ಲಗೆ ನನಗೆ ತೋರಿಸಿಕೊಟ್ಟವರು ಬೇರೆ ಇಲ್ಲ.

ಹಾಗೆ ನೋಡುವುದನ್ನು ಕಲಿತರೆ ನಮ್ಮ ಕಣದಲ್ಲೂ ಕಾಣುವುದು ಬಹಳವಿದೆ. ಮೆಣಸಿನ ಖಾರ ನಮ್ಮ ನಾಲಿಗೆಯನ್ನು ಸುಡುತ್ತದೆ, ಹಕ್ಕಿಗೆ ಅದು ತಾಗುವುದೇ ಇಲ್ಲ; ಗಿಣಿ ಬಂದು ಆರಾಮಾಗಿ ಕೆಂಪು ಹಣ್ಣನ್ನು ಸೀಳುತ್ತದೆ. ಕಾಡಿನ ಮೆಣಸು ತನ್ನ ಬೀಜವನ್ನು ದೂರ ಕಳಿಸುವುದು ಹೀಗೆ ಹಕ್ಕಿಗಳ ಹೊಟ್ಟೆಯಲ್ಲಿಟ್ಟು. ನಾವು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ಈ ಕೆಂಪು, ನಾವು ಮುಗಿಲು ನೋಡಲು ಕಲಿಯುವುದಕ್ಕೆ ಎಷ್ಟೋ ಮೊದಲೇ ಯಾವುದೋ ರೆಕ್ಕೆಯನ್ನು ಕರೆಯುತ್ತಿತ್ತು.

ಶನಿವಾರ ಹನುಮಪ್ಪನ ಗುಡಿಯಲ್ಲಿ ಕನಕದಾಸರನ್ನು ಹಾಡುವಾಗ ಅಪ್ಪನ ದನಿ ಶ್ರುತಿಗೆ ಸೇರುವುದಿಲ್ಲ, ಆದರೂ ಸಾಲಿನ ಕೊನೆಯವರೆಗೆ ಬಿಡದೆ ಎಳೆಯುತ್ತಾನೆ, ಹೆಗಲು ಇಳಿಯುತ್ತದೆ, ಹಣೆಯ ಗೆರೆ ಸಡಿಲವಾಗುತ್ತದೆ. ಸುತ್ತಲಿನ ಕಣಗಳಿಂದ ಘಾಟು ಗುಡಿಯೊಳಗೂ ಬಂದಿರುತ್ತದೆ. ನಡುವೆ ಒಬ್ಬರು ಸೀನುತ್ತಾರೆ, ಅವರ ಹಿಂದೆಯೇ ಇನ್ನೊಬ್ಬರು, ತಬಲಾದವನೂ. ಹಾಡು ನಿಂತು ಎಲ್ಲರಿಗೂ ನಗು ಬರುತ್ತದೆ, ಹಾರ್ಮೋನಿಯಂ ಹಿಡಿದ ಕಾಕಾ ಕಣ್ಣು ಒರೆಸಿಕೊಂಡು ಬಿಟ್ಟ ಸಾಲನ್ನೇ ಮತ್ತೆ ಎತ್ತಿಕೊಳ್ಳುತ್ತಾರೆ.