ಬೇಡನ ಒಂದು ನಿಯಮ

‘ನನ್ನ ಸ್ವಭಾವವೇ ಹೀಗೆ, ವ್ರತ ನನ್ನಿಂದಾಗದು’ ಎಂದು ಹಿಂಜರಿಯುವವರು ಖದಿರಸಾರನನ್ನು ನೆನೆಯಬೇಕು. ವಿಂಧ್ಯಾಟವಿಯ ಆ ಬೇಡನು ಸಮಾಧಿಗುಪ್ತ ಮುನಿಗಳ ಸನ್ನಿಧಿಯಲ್ಲಿ ಮೊದಲು ತೊರೆದುದು ಕಾಗೆಯ ಮಾಂಸವೊಂದನ್ನೇ. ಮುಂದೆ ರೋಗಪೀಡಿತನಾದಾಗ ವೈದ್ಯರು ಅದನ್ನೇ ಔಷಧವೆಂದರು. ಅವನಾದರೋ ಪ್ರಾಣಕ್ಕಿಂತ ನಿಯಮವನ್ನೇ ಹಿರಿದೆಂದು ಬಗೆದನು. ಕಡೆಗೆ ಶ್ರಾವಕವ್ರತಗಳನ್ನೇ ಕೈಕೊಂಡು ದೇಹವಿಟ್ಟನು. ಅದೇ ಜೀವವು ದೇವಗತಿಯನ್ನು ಅನುಭವಿಸಿ, ಬಳಿಕ ಮಗಧದ ಶ್ರೇಣಿಕ ಮಹಾರಾಜನಾಯಿತೆಂದು ಗುಣಭದ್ರಾಚಾರ್ಯರ ಉತ್ತರಪುರಾಣವು ತಿಳಿಸುತ್ತದೆ.

ಬೇಡತನವು ಅವನ ಸ್ವಭಾವವಾಗಿರಲಿಲ್ಲ. ಅದು ಅಳಿಯುವ ಪರ್ಯಾಯ. ಅರಿವೇ ಜೀವದ ಸ್ವಭಾವ. ಅಳಿಯುವುದನ್ನೇ ‘ನಾನು’ ಎಂದು ಅಪ್ಪಿಕೊಂಡರೆ ವ್ರತಕ್ಕೆ ಎಡೆಯೆಲ್ಲಿ? ಬರುವ ಅಷ್ಟಮಿಯಂದು ಶಕ್ತಿಯಿದ್ದಷ್ಟು, ಒಂದನ್ನಾದರೂ ತೊರೆಯೋಣ. ತೊರೆದುದನ್ನು ಸಂಕಟದಲ್ಲಿಯೂ ಕಾಯೋಣ.