ಹಬ್ಬಕ್ಕೆ ಬೇಡವಾದ ಹಿಟ್ಟು



ಹೋದ ವರ್ಷ ನಮ್ಮ ಧರ್ಮಕೇಂದ್ರದ ಹಬ್ಬದ ಊಟಕ್ಕೆ ಏನು ಮಾಡಿಸಬೇಕೆಂದು ಸಭೆ ಸೇರಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಡೆಂಕಣಿಕೋಟೆ ಕಡೆಯ ಹಳ್ಳಿಯಿಂದ ಪೂಜೆಗೆ ಬರುವ ಒಬ್ಬ ಅಜ್ಜಿ ಅಂದು ಎದ್ದು ನಿಂತು, “ನಮ್ಮ ಅನ್ಬಿಯದ ಹೆಂಗಸರೆಲ್ಲ ಸೇರಿ ಹಿಟ್ಟು, ಹುರುಳಿಕಾಳು ಸಾರು ಮಾಡ್ತೀವಿ. ರಾಗಿ ನಮ್ಮ ಮನೇದೇ” ಎಂದರು. ಅವರಿಗೆ ಉತ್ತರ ಕೊಟ್ಟವನು ನಾನು. “ಬೇರೆ ಕಡೆಯಿಂದ ಗೆಸ್ಟ್‌ಗಳು ಬರ್ತಾರೆ ಅಜ್ಜಿ, ಅವರಿಗೆ ಹಿಟ್ಟು ಸೇರಲ್ಲ. ಬಿರಿಯಾನಿ ಮಾಡಿಸೋಣ” ಎಂದೆ. ಯಾರೂ ಎದುರಾಡಲಿಲ್ಲ. “ಆಯ್ತು ಕಣಪ್ಪ, ನೀವು ಓದಿದೋರು” ಎಂದು ಅಜ್ಜಿ ಕುಳಿತುಕೊಂಡರು.

ಅದಾಗಿ ಕೆಲವು ತಿಂಗಳಿಗೆ ನಮ್ಮ ಯುವಜನರು ಸಿರಿಧಾನ್ಯಗಳ ಬಗ್ಗೆ ಒಂದು ಕಾರ್ಯಕ್ರಮ ಇಟ್ಟುಕೊಂಡರು. ಬೆಂಗಳೂರಿನಿಂದ ಅತಿಥಿಗಳು ಬರುವವರಿದ್ದರು. ಆಗ ನಾನೇ ಅಜ್ಜಿಯ ಮನೆಗೆ ಹೋಗಿ, “ನೀವು ಬಂದು ಹಿಟ್ಟು ಮಾಡಿಕೊಡಬೇಕು” ಎಂದು ಕೇಳಿದೆ. ಅವರು ಬಂದರು. ದೊಡ್ಡ ಹಂಡೆಯಲ್ಲಿ ಎಸರಿಟ್ಟು, ಒಂದು ಗಂಟೂ ಬೀಳದಂತೆ ಕೋಲಿನಿಂದ ತಿರುವಿ, ಒದ್ದೆ ಕೈಯಲ್ಲಿ ಉಂಡೆ ಕಟ್ಟಿದರು. ಅತಿಥಿಗಳು ಫೋಟೋ ತೆಗೆದರು, ಅಗಿಯಲು ಹೋಗಿ ಹಲ್ಲಿಗೆ ಅಂಟಿಸಿಕೊಂಡು ನಕ್ಕರು, ನುಂಗುವುದನ್ನು ಕಲಿತರು, ಹೊಗಳಿದರು. ಎಲ್ಲ ಮುಗಿದ ಮೇಲೆ ನೋಡಿದರೆ ಅಜ್ಜಿ ಇನ್ನೂ ಒಲೆಯ ಹತ್ತಿರವೇ ಇದ್ದರು. ಅವರನ್ನು ಊಟಕ್ಕೆ ಕೂರಿಸಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಪಾತ್ರೆ ಎತ್ತಿಡುವಾಗ ಅವರು ಕೇಳಿದರು: “ಹಬ್ಬಕ್ಕೆ ಬೇಡವಾಗಿದ್ದು ಇದೇ ಹಿಟ್ಟಲ್ವೇನಪ್ಪ?”

ಆ ಮಾತಿನಲ್ಲಿ ಕೋಪವಿರಲಿಲ್ಲ. ನನಗೆ ಮಾತ್ರ ಉತ್ತರ ಬರಲಿಲ್ಲ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಒಬ್ಬರ ಊಟವನ್ನು ಕೀಳಾಗಿ ಕಂಡರೆ ಅದು ಆ ಮನುಷ್ಯರನ್ನೇ ಕೀಳಾಗಿ ಕಂಡಂತೆಯೇ? ಹಾಗಿದ್ದರೆ ಆ ಊಟವನ್ನು ಹೊಗಳಿದ ಮಾತ್ರಕ್ಕೆ ಅವರನ್ನು ಗೌರವಿಸಿದಂತಾಯಿತೇ?

ನಮ್ಮ ಗಡಿನಾಡಿನಲ್ಲಿ ಈ ಊಟಕ್ಕೆ ಹಲವು ಹೆಸರು. ನಮ್ಮ ಹಳ್ಳಿಗಳಲ್ಲಿ ಹಿಟ್ಟು, ಬೆಂಗಳೂರಿನವರ ಬಾಯಲ್ಲಿ ಮುದ್ದೆ, ತಮಿಳಿನಲ್ಲಿ ಕಳಿ, ತೆಲುಗಿನಲ್ಲಿ ಸಂಗಟಿ. ತಮಿಳಿನಲ್ಲಿ ‘ಕಳಿ ತಿನ್ನಬೇಕಾಗುತ್ತೆ’ ಎಂದರೆ ಜೈಲಿಗೆ ಹೋಗಬೇಕಾಗುತ್ತೆ ಎಂದು ಅರ್ಥ. ನಮ್ಮ ಹಿರಿಯರು ದಿನವೂ ದೇವರಿಗೆ ಕೃತಜ್ಞತೆ ಹೇಳಿ ಉಂಡದ್ದು ಬೈಗುಳದ ಮಾತಾಗಿತ್ತು. ಕಾಲೇಜಿನ ದಿನಗಳಲ್ಲಿ “ಮನೆಯಲ್ಲಿ ಏನು ಊಟ?” ಎಂದು ಗೆಳೆಯರು ಕೇಳಿದರೆ ನಾನು “ಅನ್ನ, ಸಾಂಬಾರ್” ಎನ್ನುತ್ತಿದ್ದೆ. ಸುಳ್ಳು ಸಣ್ಣದು. ಆದರೆ ಆ ಸುಳ್ಳಿನಲ್ಲಿ ನಾನು ಮರೆಮಾಚಿದ್ದು ನನ್ನ ತಾಯಿಯ ಅಡುಗೆಯನ್ನು.

ಈಗ ಕಾಲ ಬದಲಾಗಿದೆ. ಭಾರತದ ಪ್ರಸ್ತಾವದಂತೆ ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಿಸಿತು. ಅದೇ ವರ್ಷ ಧರ್ಮಪುರಿ ಮತ್ತು ನೀಲಗಿರಿ ಜಿಲ್ಲೆಗಳ ರೇಷನ್ ಅಂಗಡಿಗಳಲ್ಲಿ ಅಕ್ಕಿಯ ಬದಲಿಗೆ ಎರಡು ಕಿಲೋ ರಾಗಿ ಕೊಡುವ ಯೋಜನೆ ಬಂತು. ಬಿ.ಎಸ್ಸಿ. ಓದಿದವನಾದ್ದರಿಂದ ಸಿರಿಧಾನ್ಯದ ಕಾರ್ಯಕ್ರಮದಲ್ಲಿ ಮಾತನಾಡಲು ನನಗೇ ಹೇಳಿದ್ದರು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸುಮಾರು 10 ಮಾತ್ರ ಎಂದು ಚಾರ್ಟ್ ತೋರಿಸಿದೆ. ಹೇಳಿದ್ದೆಲ್ಲ ನಿಜವೇ. ಆದರೂ ಈಗ ಯೋಚಿಸುತ್ತೇನೆ: ಅಜ್ಜಿಯ ಊಟಕ್ಕೆ ಮರ್ಯಾದೆ ಬಂದದ್ದು ಕ್ಯಾಲ್ಸಿಯಂನಿಂದಲೇ ಆದರೆ, ನಾಳೆ ಯಾವುದೋ ಪ್ರಯೋಗಾಲಯ ಬೇರೆ ಲೆಕ್ಕ ಹೇಳಿದರೆ ಆ ಮರ್ಯಾದೆಯೂ ಹೋಗುತ್ತದೆಯೇ? ಹೊರಗಿನವರು ಒಪ್ಪಿದ ಮೇಲೆ ಬಂದ ಮರ್ಯಾದೆ ಅವರು ಮುಖ ತಿರುಗಿಸಿದ ದಿನ ಹೊರಟುಹೋಗುತ್ತದೆ. ಅಂದು ಹಿಟ್ಟು ಬೇಡವೆಂದಾಗ ನನ್ನ ಕಣ್ಣಿದ್ದದ್ದು ಅತಿಥಿಗಳ ಮೇಲೆ. ಬೇಕೆಂದಾಗಲೂ ಅವರ ಮೇಲೆಯೇ. ಎರಡು ಸಲವೂ ಅಜ್ಜಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಕನಕದಾಸರ ‘ರಾಮಧಾನ್ಯ ಚರಿತೆ’ಯ ಕಥೆ ಶಾಲೆಯಲ್ಲಿ ಕೇಳಿದ್ದೇವೆ. ರಾಗಿಗೂ ಭತ್ತಕ್ಕೂ ಯಾರು ಹೆಚ್ಚೆಂದು ಜಗಳವಾಗುತ್ತದೆ. ಆರು ತಿಂಗಳು ಎರಡನ್ನೂ ಸೆರೆಯಲ್ಲಿಟ್ಟಾಗ ಭತ್ತ ಕೆಟ್ಟುಹೋಗುತ್ತದೆ, ರಾಗಿ ಉಳಿಯುತ್ತದೆ, ಗೆಲ್ಲುತ್ತದೆ. ಕಥೆ ಹೇಳುವಾಗ ನಾವು ರಾಗಿ ಗೆದ್ದ ಸಂತೋಷದಲ್ಲೇ ನಿಂತುಬಿಡುತ್ತೇವೆ. ಆದರೆ ರಾಗಿ ಭತ್ತದ ಮೇಲೆ ಹೊರಿಸುವ ತಪ್ಪು ಬೇರೆಯೇ: ನೀನು ಬಡವರನ್ನು ಕಡೆಗಣಿಸಿ ಉಳ್ಳವರ ಕಡೆ ಹೋದೆ ಎಂಬುದು. ಜಗಳದ ತಿರುಳು ರುಚಿಯದ್ದಲ್ಲ, ಶಕ್ತಿಯದ್ದೂ ಅಲ್ಲ. ಬಡವರ ಜೊತೆ ನಿಂತವರು ಯಾರು ಎಂಬುದು.

“ಹಾಗಾದರೆ ಎಲ್ಲರೂ ಎಲ್ಲವನ್ನೂ ಇಷ್ಟಪಡಲೇಬೇಕೇ?” ಎಂದು ನೀವು ಕೇಳಬಹುದು. ಬೇಕಿಲ್ಲ. ನಾಲಿಗೆಗೆ ಅದರದೇ ಅಭ್ಯಾಸವಿದೆ. “ನನಗೆ ಒಗ್ಗಲ್ಲ” ಎನ್ನುವುದರಲ್ಲಿ ಪಾಪವಿಲ್ಲ. “ಇದೂ ಒಂದು ಊಟವಾ?” ಎಂದಾಗ ಮಾತು ತಟ್ಟೆಯನ್ನು ದಾಟಿ ತಟ್ಟೆಯ ಮುಂದೆ ಕುಳಿತವರನ್ನು ಮುಟ್ಟುತ್ತದೆ. ಮನುಷ್ಯನ ಬಾಯೊಳಗೆ ಹೋಗುವುದಲ್ಲ, ಬಾಯಿಂದ ಹೊರಬರುವುದೇ ಅವನನ್ನು ಹೊಲೆಗೆಡಿಸುತ್ತದೆಂದು ಪ್ರಭು ಯೇಸು ಹೇಳಿದ್ದನ್ನು (ಮತ್ತಾಯ 15) ನಾನು ಈಗ ಹೀಗೆಯೂ ಓದಿಕೊಳ್ಳುತ್ತೇನೆ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ನಮ್ಮ ಹಿರಿಯರೆಲ್ಲ ಹಿಟ್ಟನ್ನು ಪ್ರೀತಿಯಿಂದಲೇ ಉಂಡರು ಎನ್ನುವಂತಿಲ್ಲ. ಬೇರೇನೂ ಇಲ್ಲದೆ ಉಂಡವರಿದ್ದಾರೆ. ಕ್ರಿಸ್ಮಸ್ಸಿಗೂ ಈಸ್ಟರಿಗೂ ಮಾತ್ರ ಅನ್ನ ಕಂಡ ಮನೆಗಳಿದ್ದವು. ಅಂಥವರು ಇಂದು ಹಬ್ಬಕ್ಕೆ ಬಿರಿಯಾನಿ ಬಯಸಿದರೆ “ಬೇರು ಮರೆತರು” ಎಂದು ಬುದ್ಧಿ ಹೇಳುವ ಹಕ್ಕು ನನಗಿಲ್ಲ. ಬಡವರಿಗೆ ರಾಗಿಯ ಮಹಿಮೆ ಬೋಧಿಸಿ ನಾವು ಬೇಕಾದ್ದನ್ನು ಉಣ್ಣುವುದೂ ಒಂದು ಬಗೆಯ ಅಹಂಕಾರವೇ. ಬಿರಿಯಾನಿ ಮಾಡಿಸಿದ್ದು ನನ್ನ ತಪ್ಪಲ್ಲ. ಕೊಡಲು ಬಂದ ಕೈಯನ್ನು ನಾಚುವಂತೆ ಮಾಡಿದ್ದು ತಪ್ಪು.

“ನಮ್ಮದೇ ಶ್ರೇಷ್ಠ” ಎಂಬ ಹೆಮ್ಮೆಯೂ ಬಹಳ ದೂರ ಹೋಗಲಾರದು. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಉಗಾಂಡ, ಇಥಿಯೋಪಿಯಗಳಲ್ಲಿ ಇಂದಿಗೂ ಅದನ್ನು ಬೆಳೆಯುತ್ತಾರೆ. ನಮ್ಮ ಸಾರಿಗೆ ಬೀಳುವ ಒಣಮೆಣಸಿನಕಾಯಿ ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ಬಂದದ್ದು. ನಾವು ‘ನಮ್ಮೂರ ಊಟ’ ಎನ್ನುವುದೂ ಒಂದು ಕಾಲದಲ್ಲಿ ಹೊರಗಿನಿಂದ ಬಂದ ಅತಿಥಿಯೇ.

ಶುಭಸಂದೇಶದಲ್ಲಿ ಐದು ರೊಟ್ಟಿ, ಎರಡು ಮೀನಿನ ಪ್ರಸಂಗವನ್ನು ನಾಲ್ವರೂ ಬರೆದಿದ್ದಾರೆ. ಆ ರೊಟ್ಟಿಗಳು ಜವೆಗೋಧಿಯವು ಎಂದು ಹೇಳುವವನು ಸಂತ ಯೊವಾನ್ನ ಒಬ್ಬನೇ (ಯೊವಾನ್ನ 6:9). ಜವೆಗೋಧಿ ಆ ನಾಡಿನ ಬಡವರ ಧಾನ್ಯ. ಪ್ರಕಟನಾ ಗ್ರಂಥದ ಆರನೆಯ ಅಧ್ಯಾಯದಲ್ಲಿ ಕ್ಷಾಮದ ಬೆಲೆ ಹೇಳುವಾಗ, ಒಂದು ಅಳತೆ ಗೋಧಿ ಸಿಗುವ ಹಣಕ್ಕೆ ಮೂರು ಅಳತೆ ಜವೆಗೋಧಿ ಸಿಗುತ್ತದೆ. ಆ ಹುಡುಗನ ಬುತ್ತಿಯಲ್ಲಿದ್ದದ್ದು ಅವರ ನಾಡಿನ ಹಿಟ್ಟು ಎನ್ನಬಹುದು. “ಇಷ್ಟು ಜನ ಬಂದಿದ್ದಾರೆ, ಇದನ್ನು ಹೇಗೆ ಬಡಿಸುವುದು?” ಎಂದು ಯೇಸುಸ್ವಾಮಿ ಅದನ್ನು ಪಕ್ಕಕ್ಕಿಡಲಿಲ್ಲ. ಅದನ್ನು ಗೋಧಿಯಾಗಿ ಮಾರ್ಪಡಿಸಲೂ ಇಲ್ಲ. ಜವೆಗೋಧಿಯನ್ನೇ ಕೈಗೆತ್ತಿಕೊಂಡು, ಕೃತಜ್ಞತೆ ಸಲ್ಲಿಸಿ, ಹಂಚಿದರು. ಎಲ್ಲರೂ ಒಂದೇ ಹುಲ್ಲಿನ ಮೇಲೆ ಕುಳಿತು ಉಂಡರು.

ಕೊರಿಂಥದ ಸಭೆಯಲ್ಲಿ ಹೀಗೆ ನಡೆಯಲಿಲ್ಲ. ಪ್ರಭುವಿನ ಭೋಜನಕ್ಕೆಂದು ಸೇರಿದವರಲ್ಲಿ ಕೆಲವರು ಹಸಿದಿರುವಾಗ ಕೆಲವರು ಕುಡಿದು ಮತ್ತರಾಗುತ್ತಿದ್ದರು. ಇಲ್ಲದವರನ್ನು ನಾಚಿಸುತ್ತೀರಾ ಎಂದು ಸಂತ ಪೌಲರು ಅವರನ್ನು ಗದರಿಸಿದರು (1 ಕೊರಿಂಥ 11). ಪರಮಪ್ರಸಾದದ ಬಗ್ಗೆ ಅವರ ಆ ದೊಡ್ಡ ಬೋಧನೆ ಶುರುವಾಗುವುದೇ ಊಟದ ಸಾಲಿನ ಈ ದೂರಿನಿಂದ. ಬಲಿಪೀಠದ ಮುಂದೆ ಒಂದೇ ರೊಟ್ಟಿಯಲ್ಲಿ ಪಾಲು ಪಡೆದು, ಹತ್ತು ನಿಮಿಷದ ನಂತರ ಊಟದ ಶಾಮಿಯಾನದಲ್ಲಿ ಬೇರೆಯಾಗುವುದು ಸಣ್ಣ ವಿಷಯವಲ್ಲ.

ನಮ್ಮ ಇಂದಿನ ಪರೀಕ್ಷೆ ರಾಗಿಯದ್ದಲ್ಲ ಎಂದೂ ನನಗನ್ನಿಸುತ್ತದೆ. ಹೊಸೂರಿನ ಫ್ಯಾಕ್ಟರಿಗಳಿಗೆ ಕೆಲಸಕ್ಕೆ ಬಂದ ಒಡಿಶಾ, ಝಾರ್ಖಂಡದ ಹುಡುಗರು ಈಗ ನಮ್ಮ ಪೂಜೆಗೂ ಬರುತ್ತಾರೆ. ಅವರು ಒಣಮೀನು ಬೇಯಿಸಿದರೆ ಮೂಗು ಮುಚ್ಚಿಕೊಳ್ಳುವವರು, ಅದೇ ಕಾರಣಕ್ಕೆ ಬಾಡಿಗೆಗೆ ಮನೆ ಕೊಡದವರು ನಮ್ಮಲ್ಲೇ ಇದ್ದೇವೆ. ‘ಕಳಿ’ ಎಂದು ಹೀಯಾಳಿಸಿದರೆ ನೊಂದುಕೊಂಡ ನಾವು ಆ ನೋವಿನಿಂದ ಕಲಿತದ್ದೇನು? ಹಿಟ್ಟು ಕಟ್ಟುವುದನ್ನು ನೋಡಿ ಅವರಲ್ಲೊಬ್ಬ, “ನಮ್ಮೂರಲ್ಲಿ ಇದಕ್ಕೆ ಮಾಂಡಿಯಾ ಅಂತಾರೆ, ಅಮ್ಮ ಗಂಜಿ ಮಾಡ್ತಾಳೆ” ಎಂದು ತನ್ನ ಹಿಂದಿಯಲ್ಲಿ ಹೇಳಿದ. ಒಂದು ವರ್ಷದಿಂದ ಪರಿಚಯವಿದ್ದರೂ ಅವನ ಮನೆಯ ಊಟದ ಬಗ್ಗೆ ನಾನು ಕೇಳಿದ್ದು ಅಂದೇ ಮೊದಲು.

ಈ ವರ್ಷದ ಹಬ್ಬದ ಊಟಕ್ಕೆ ನನ್ನದೊಂದು ಸಲಹೆ ಇದೆ. ಬಿರಿಯಾನಿಯೂ ಇರಲಿ, ಹಿಟ್ಟೂ ಇರಲಿ, ಒಡಿಶಾದ ಹುಡುಗರು ಏನಾದರೂ ಮಾಡುತ್ತೇವೆಂದರೆ ಅದೂ ಇರಲಿ. ಯಾರಿಗೆ ಯಾವುದು ಬೇಕೋ ಅದನ್ನು ಉಣ್ಣಲಿ. ಆದರೆ ಅಡುಗೆ ಮಾಡಿದವರು ಮೊದಲ ಪಂಕ್ತಿಯಲ್ಲಿ ಅತಿಥಿಗಳ ಜೊತೆಗೇ ಕುಳಿತುಕೊಳ್ಳಲಿ. ಯುವಜನರು ನಾವು ಬಡಿಸುತ್ತೇವೆ, ಪಾತ್ರೆಯನ್ನೂ ನಾವೇ ತೊಳೆಯುತ್ತೇವೆ.

ಇದನ್ನು ಹೇಳಲು ಅಜ್ಜಿಯ ಮನೆಗೆ ಹೋಗಿದ್ದೆ. ತಪ್ಪಾಯಿತು ಎಂದೆ. “ಅದೆಲ್ಲ ಬಿಡಪ್ಪ, ಎಷ್ಟು ಜನಕ್ಕೆ ಮಾಡಬೇಕು ಹೇಳು” ಎಂದರು. ಲೆಕ್ಕ ಕೊಡಬೇಕಾಗಿದೆ. ಮುಂದಿನ ಭಾನುವಾರ ಕನ್ನಡ ಪೂಜೆಯ ನಂತರ ಸಭೆ ಇದೆ, ದಯವಿಟ್ಟು ಎಲ್ಲರೂ ಬನ್ನಿ.